ಹೊಂದಿತೆಂದ ಮಾತ್ರಕ್ಕೆ ಸರಿಯೇ?

ಸನ್ನೆಯ ತತ್ತ್ವವನ್ನು ಓದದ ವಿದ್ಯಾರ್ಥಿಯಿಲ್ಲ. ಆಧಾರಬಿಂದು, ಬಲ, ಭಾರ ಎಂಬ ಮೂರು ಮಾತುಗಳನ್ನು ಪ್ರೌಢಶಾಲೆಯಲ್ಲಿ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕ ಗಳಿಸಿ, ಬಳಿಕ ಮರೆತುಬಿಡುವುದು ನಮ್ಮಲ್ಲಿ ವಾಡಿಕೆ. ಪಾಠ ಹೇಳುವವರೂ ಈ ಮರೆವಿಗೆ ಹೊರತಲ್ಲ. ಹತ್ತು ವರ್ಷಗಳಿಂದ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿರುವ ನಾವು, ನಮ್ಮ ಕಾಲಡಿಯಲ್ಲಿಯೇ ಇದ್ದ ಸನ್ನೆಯೊಂದರ ದೋಷವನ್ನು ನಾಲ್ಕು ತಿಂಗಳ ಕಾಲ ಗುರುತಿಸಲಾರದೆ ಹೋದೆವು. ಅದರಿಂದ ಕಲಿತ ಪಾಠವನ್ನು ವಿದ್ಯಾರ್ಥಿಮಿತ್ರರ ಮುಂದಿಡುವುದು ಉಚಿತವೆಂದು ತೋರಿದ್ದರಿಂದ ಈ ಲೇಖನ.

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯಲ್ಲಿದ್ದ ನಮ್ಮ ಸೋದರಮಾವನವರು ತೀರಿಕೊಂಡ ಮೇಲೆ ಅವರ ಯೆಜ್ಡಿ ಮೋಟಾರ್ ಸೈಕಲ್ಲು ನಮ್ಮ ಪಾಲಿಗೆ ಬಂದಿತು. ಗದ್ದೆಗೆ, ಸಂತೆಗೆ, ಹೊನ್ನಾಳಿಯ ಕಚೇರಿಗಳಿಗೆ ಅದರ ಮೇಲೆಯೇ ಅವರ ಓಡಾಟ. ಯೆಜ್ಡಿಯು ನಮ್ಮ ನಾಡಿನದೇ ಯಂತ್ರವೆಂಬುದನ್ನು ಈಗಿನ ವಿದ್ಯಾರ್ಥಿಗಳು ಅರಿಯದಿರಬಹುದು. ಚೆಕೊಸ್ಲೊವಾಕಿಯ ದೇಶದ ಜಾವಾ ಸಂಸ್ಥೆಯ ಪರವಾನಗಿ ಪಡೆದು, 1960ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಐಡಿಯಲ್ ಜಾವಾ ಕಂಪನಿಯು ಮೊದಲು ಜಾವಾ ಎಂಬ ಹೆಸರಿನಿಂದಲೂ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಿಂದಲೂ ಈ ವಾಹನಗಳನ್ನು ತಯಾರಿಸಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2022ರಲ್ಲಿ ಅದೇ ಹೆಸರು ಮಾರುಕಟ್ಟೆಗೆ ಮರಳಿ ಬಂದರೂ ಆ ಯಂತ್ರಗಳು ಬೇರೆ. ಹಳೆಯ ಎರಡು ಹೊಡೆತದ ಎಂಜಿನ್ನಿಗೂ ಅವಕ್ಕೂ ಸಂಬಂಧವಿಲ್ಲ. ಆದಕಾರಣ, ಇಂದು ಹಳೆಯ ಯೆಜ್ಡಿಯನ್ನು ಓಡಿಸುವವನಿಗೆ ದೊರೆಯುವ ಬಿಡಿಭಾಗಗಳು ಮೂರೇ ಬಗೆಯವು: ಗುಜರಿಯಲ್ಲಿ ಸಿಕ್ಕುವ ಹಳೆಯ ಕಂಪನಿ ಸಾಮಾನು, ಪೇಟೆಯಲ್ಲಿ ಸಿಕ್ಕುವ ಡೂಪ್ಲಿಕೇಟು, ಮತ್ತು ಊರಿನ ಬೆಸುಗೆ ಅಂಗಡಿಯಲ್ಲಿ ಮಾಡಿಸಿದ ಕೈಕೆಲಸ. ನಮ್ಮ ಗಾಡಿಯ ಕಾಲಿನ ಹತೋಟಿಗಳಲ್ಲಿ ಈ ಮೂರೂ ಒಂದಾದ ಮೇಲೊಂದರಂತೆ ನಮ್ಮನ್ನು ಪರೀಕ್ಷಿಸಿದವು.

ಮೊದಲು ಎಡಗಡೆಯ ಲಿವರಿನ ವಿಷಯ. ಹಳೆಯ ಜಾವಾ ಮತ್ತು ಯೆಜ್ಡಿಗಳಲ್ಲಿ ಗೇರು ಬದಲಿಸುವುದಕ್ಕೂ ಎಂಜಿನ್ನನ್ನು ಚಾಲನೆ ಮಾಡುವುದಕ್ಕೂ ಒಂದೇ ಲಿವರು. ಅದನ್ನು ಎಂಜಿನ್ನಿನ ಕಡೆಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುವುದು; ಎಂಜಿನ್ನು ಹೊತ್ತಿಕೊಂಡ ಮೇಲೆ ಮರಳಿ ಮುಂದಕ್ಕೆ ತಂದರೆ ಗೇರ್ ಲಿವರ್ ಆಗುವುದು. ಈ ಜಾಣ್ಮೆಯನ್ನು ಮೆಚ್ಚಲೇಬೇಕು. ಆದರೆ ಇದರಿಂದ ಆ ಲಿವರಿನ ಮೇಲೆ ಬೀಳುವ ಹೊರೆಯೂ ಎರಡು ಬಗೆಯದಾಯಿತು. ಗೇರು ಬದಲಿಸಲು ಕಾಲ್ಬೆರಳಿನ ಮೃದುವಾದ ಒತ್ತಡ ಸಾಕು; ಕಿಕ್ ಹೊಡೆಯುವಾಗ ಇಡೀ ಮೈಭಾರ ಅದರ ಮೇಲೆ ಬೀಳುವುದು.

ಲೆಕ್ಕ ಮಾಡಿ ನೋಡೋಣ. 60 ಕಿಲೋಗ್ರಾಂ ತೂಕದ ಮನುಷ್ಯನು ತನ್ನ ಭಾರವನ್ನೆಲ್ಲ ಹಾಕಿದರೆ ಸುಮಾರು 590 ನ್ಯೂಟನ್ ಬಲ. ಲಿವರಿನ ಉದ್ದ 20 ಸೆಂಟಿಮೀಟರ್ ಎಂದಿಟ್ಟುಕೊಂಡರೆ ತಿರುಗುಬಲ ಸುಮಾರು 118 ನ್ಯೂಟನ್-ಮೀಟರ್. ಈ ತಿರುಗುಬಲವನ್ನೆಲ್ಲ ಲಿವರಿನ ಬುಡದ ಹಲ್ಲುಗಳು ಶಾಫ್ಟಿಗೆ ದಾಟಿಸಬೇಕು. ಶಾಫ್ಟಿನ ವ್ಯಾಸ 15 ಮಿಲಿಮೀಟರ್ ಆಗಿದ್ದರೆ ಅಲ್ಲಿ ತ್ರಿಜ್ಯವು ಕೇವಲ 7.5 ಮಿಲಿಮೀಟರ್. ಎಂದಮೇಲೆ ಹಲ್ಲುಗಳ ಮೇಲೆ ಒಟ್ಟು ಬೀಳುವ ಬಲ 15,000 ನ್ಯೂಟನ್ನಿಗೂ ಹೆಚ್ಚು; ಅಂದರೆ ಒಂದೂವರೆ ಟನ್ನಿಗೂ ಮಿಕ್ಕ ಭಾರ! ಹಲ್ಲುಗಳೆಲ್ಲವೂ ಸಮನಾಗಿ ಕಚ್ಚಿಕೊಂಡಿದ್ದರೆ ಈ ಹೊರೆ ಎಲ್ಲಕ್ಕೂ ಹಂಚಿಹೋಗುವುದು. ರಂಧ್ರವು ಕೂದಲೆಳೆಯಷ್ಟು ದೊಡ್ಡದಾದರೂ ಕೆಲವೇ ಹಲ್ಲುಗಳ ತುದಿಗಳು ಎಲ್ಲವನ್ನೂ ಹೊರಬೇಕಾಗುವುದು. ಆಗ ಅವು ಉಜ್ಜಿ ದುಂಡಗಾಗುವುವು.

ನಮ್ಮ ಗಾಡಿಯಲ್ಲಿ ಆದದ್ದು ಇದೇ. ಒಂದು ಬೆಳಿಗ್ಗೆ ಕಿಕ್ ಹೊಡೆದಾಗ ಲಿವರು ಶಾಫ್ಟಿನ ಮೇಲೆ ಜಾರಿ ಕೆಳಗೆ ಬಿದ್ದಿತು. ನಮ್ಮ ಮೊಣಕಾಲಿನ ಕೆಳಗೆ ಚರ್ಮ ಸುಲಿಯಿತು. ಲಿವರನ್ನು ಬಿಚ್ಚಿ ನೋಡಿದರೆ ಒಳಗೆ ಒಂದು ತಗಡಿನ ಚೂರು! ಸಡಿಲವಾದ ರಂಧ್ರವನ್ನು ತುಂಬಲು ಯಾರೋ ಅದನ್ನು ಸೇರಿಸಿದ್ದರು. ಬಿಗಿಯುವ ಬೋಲ್ಟನ್ನು ಎಷ್ಟು ತಿರುಗಿಸಿದ್ದರೆಂದರೆ, ಲಿವರಿನ ಬುಡದಲ್ಲಿರಬೇಕಾದ ಸೀಳಿನ ಎರಡು ಮುಖಗಳೂ ಒಂದನ್ನೊಂದು ಮುಟ್ಟಿಬಿಟ್ಟಿದ್ದವು. ವಿದ್ಯಾರ್ಥಿಗಳು ಈ ಗುರುತನ್ನು ನೆನಪಿನಲ್ಲಿಡತಕ್ಕದ್ದು. ಸೀಳು ಪೂರ್ತಿ ಮುಚ್ಚಿಹೋದ ಮೇಲೆ ಬೋಲ್ಟನ್ನು ಇನ್ನೆಷ್ಟು ಬಿಗಿದರೂ ಅದು ಕಬ್ಬಿಣವನ್ನು ಕಬ್ಬಿಣಕ್ಕೆ ಒತ್ತುವುದೇ ಹೊರತು ಶಾಫ್ಟನ್ನು ಹಿಡಿಯಲಾರದು.

ಪೇಟೆಯ ಅಂಗಡಿಯಲ್ಲಿ ವಿಚಾರಿಸಿದೆವು. "ಯೆಜ್ಡಿಗೆ ಆಗತ್ತೆ ಸಾರ್, ಹಾಕಿಕೊಳ್ಳಿ" ಎಂದು ಮೂರು ಲಿವರುಗಳನ್ನು ಮುಂದಿಟ್ಟರು. ಮೂರಕ್ಕೂ ಹೆಸರಿಲ್ಲ, ಅಳತೆಯಿಲ್ಲ. ನಾವು ಶಾಫ್ಟಿನ ಹಲ್ಲುಗಳನ್ನು ಎಣಿಸಿ, ವರ್ನಿಯರ್ ಕ್ಯಾಲಿಪರಿನಿಂದ ಅದರ ಹೊರವ್ಯಾಸವನ್ನು ಅಳೆದುಕೊಂಡು ಹೋಗಿದ್ದೆವು. ಹಲ್ಲುಗಳ ಸಂಖ್ಯೆ ಮೂರರಲ್ಲಿಯೂ ಸರಿಯಾಗಿತ್ತು. ಆದರೆ ಒಳವ್ಯಾಸ ಎರಡರಲ್ಲಿ ಹೆಚ್ಚಾಗಿತ್ತು. ಮೂರನೆಯದು ಮಾತ್ರ ಶಾಫ್ಟಿನ ಮೇಲೆ ಕೈಬಲದಿಂದ ಒತ್ತಿದರೆ ಕೂರುವಂತಿದ್ದು, ಬೋಲ್ಟು ಬಿಗಿದ ಮೇಲೂ ಸೀಳಿನಲ್ಲಿ ಸಂದು ಉಳಿಯಿತು. ಅದನ್ನೇ ಕೊಂಡೆವು, ಅದು ಇಂದಿಗೂ ಜಾರಿಲ್ಲ. ಬೆಲೆಯಲ್ಲಿ ಮೂರಕ್ಕೂ ಭೇದವಿರಲಿಲ್ಲ. ಹಳೆಯ ಲಿವರನ್ನು ಹಿಂದೊಮ್ಮೆ ಕೊಂಡವರೂ ಇಂಥದೇ ಮಾತನ್ನು ಕೇಳಿ ಕೊಂಡಿರಬೇಕು; ಅದೂ 'ಹೊಂದಿತ್ತು'.

ಇನ್ನು ಬಲಗಡೆಯ ಬ್ರೇಕ್ ಪೆಡಲಿನ ಕಥೆ. ನಮ್ಮನ್ನು ನಾಲ್ಕು ತಿಂಗಳು ಕಾಡಿದ ಒಗಟು ಇದೇ. ಸಾಸ್ವೆಹಳ್ಳಿಯಿಂದ ಅರ್ಧ ಗಂಟೆ ಗಾಡಿ ಓಡಿಸಿ ಇಳಿದರೆ ಹಿಂದಿನ ಚಕ್ರದ ಡ್ರಮ್ಮನ್ನು ಮುಟ್ಟಲಾಗದಷ್ಟು ಬಿಸಿ. ಬೇರಿಂಗು ಕೆಟ್ಟಿದೆಯೆಂದು ಬದಲಿಸಿದೆವು, ಬಿಸಿ ಹೋಗಲಿಲ್ಲ. ಬ್ರೇಕ್ ಶೂಗಳನ್ನು ಎರಡು ಸಲ ಬದಲಿಸಿದೆವು. ಅವೂ ಬೇಗ ಸವೆದವು. ಕೊಯ್ಲಿನ ಕಾಲದಲ್ಲಿ ಒಂದು ಸಂಜೆ, ನಾಲೆಯ ಸೇತುವೆಯ ಬಳಿ, ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಗದ್ದೆಯ ದಾರಿಯಿಂದ ಮುಖ್ಯರಸ್ತೆಗೆ ತಿರುಗಿತು. ನಾವು ಬ್ರೇಕನ್ನು ಬಲವಾಗಿ ತುಳಿದೆವು, ಗಾಡಿ ನಿಲ್ಲಲಿಲ್ಲ. ಮುಂದಿನ ಬ್ರೇಕು ಮತ್ತು ರಸ್ತೆಬದಿಯ ಮಣ್ಣು ನಮ್ಮನ್ನು ಕಾಪಾಡಿದವು. ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಮಗಳು ಕುಳಿತಿದ್ದಳು. ಆ ರಾತ್ರಿ ನಿದ್ರೆ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮಾರನೆಯ ದಿನ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ, ಮೇಲೆ ಕುಳಿತು, ಫುಟ್‌ರೆಸ್ಟಿನ ಮೇಲೆ ಪಾದವನ್ನಿಟ್ಟು, ಮಗಳಿಗೆ ನಮ್ಮ ಬಲಗಾಲನ್ನು ನೋಡಹೇಳಿದೆವು. "ನೀವು ಬ್ರೇಕ್ ಒತ್ತುತ್ತಾ ಇದೀರಲ್ಲ!" ಎಂದಳು. ನಾವು ಒತ್ತುತ್ತಿರಲಿಲ್ಲ, ಕಾಲನ್ನು ಸುಮ್ಮನೆ ಇಟ್ಟಿದ್ದೆವು. ಆದರೆ ಪೆಡಲು ಫುಟ್‌ರೆಸ್ಟಿಗಿಂತ ಬಹಳ ಎತ್ತರದಲ್ಲಿದ್ದುದರಿಂದ ನಮ್ಮ ಪಾದದ ಭಾರ ಸದಾ ಅದರ ಮೇಲೆ ಬೀಳುತ್ತಿತ್ತು. ಬ್ರೇಕು ಯಾವಾಗಲೂ ಕೊಂಚ ಹಿಡಿದೇ ಇತ್ತು.

ಈ 'ಕೊಂಚ' ಎಂಬುದರ ಬೆಲೆಯೆಷ್ಟು? ಚಕ್ರದ ಅಂಚಿನಲ್ಲಿ 20 ನ್ಯೂಟನ್, ಅಂದರೆ ಎರಡು ಕಿಲೋಗ್ರಾಂ ಭಾರದಷ್ಟು ತಡೆ ಎಂದಿಟ್ಟುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್ ವೇಗದಲ್ಲಿ ಹೋಗುವಾಗ, ಬಲವನ್ನು ವೇಗದಿಂದ ಗುಣಿಸಿದರೆ ಸುಮಾರು 220 ವಾಟ್ ದೊರೆಯುವುದು. ಇಷ್ಟು ಉಷ್ಣವು ಆ ಚಿಕ್ಕ ಡ್ರಮ್ಮಿನೊಳಗೆ ಬಿಡುವಿಲ್ಲದೆ ಹುಟ್ಟುತ್ತಿತ್ತು. ಅರ್ಧ ಗಂಟೆಯಲ್ಲಿ ಅದರ ಮೊತ್ತ ಸುಮಾರು ನಾಲ್ಕು ಲಕ್ಷ ಜೂಲ್; ಒಂದು ಲೀಟರ್ ತಣ್ಣೀರನ್ನು ಕುದಿಸಲು ಅದು ಸಾಕು. ಲೈನಿಂಗು ಅತಿಯಾಗಿ ಕಾದಾಗ ಅದರ ಘರ್ಷಣಾಂಕ ಇಳಿಯುವುದು. ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುವುದು. ಅಗತ್ಯದ ಗಳಿಗೆಯಲ್ಲಿ ಬ್ರೇಕು ಏಕೆ ಕೈಕೊಟ್ಟಿತೆಂಬುದು ಆಗ ತಿಳಿಯಿತು.

ಪೆಡಲನ್ನು ಬಿಚ್ಚಿ ಒರೆಸಿದಾಗ ಬಣ್ಣದಡಿಯಲ್ಲಿ ಬೆಸುಗೆಯ ಗೆರೆ ಕಾಣಿಸಿತು. ಯಾರೋ ಪೆಡಲನ್ನು ಕತ್ತರಿಸಿ, ಮೇಲಕ್ಕೆ ಎತ್ತಿ, ಹಿಂದಕ್ಕೆ ಸರಿಸಿ ಮತ್ತೆ ಬೆಸೆದಿದ್ದರು. ಆಧಾರಬಿಂದುವಿನಿಂದ ಪಾದವಿಡುವ ತಟ್ಟೆಗೆ 16 ಸೆಂಟಿಮೀಟರ್. ಬ್ರೇಕಿನ ಕಡೆಗೆ ಎಳೆಯುವ ತೋಳು 5 ಸೆಂಟಿಮೀಟರ್. ಮುಂದೆ ಗುಜರಿಯಲ್ಲಿ ಸಿಕ್ಕ ಕಂಪನಿಯ ಪೆಡಲಿನಲ್ಲಿ ಅದೇ 16ರ ಜಾಗದಲ್ಲಿ 20 ಇತ್ತು. 200 ನ್ಯೂಟನ್ ಬಲದಿಂದ ತುಳಿದರೆ ಕಂಪನಿಯ ಪೆಡಲು 800 ನ್ಯೂಟನ್ ಎಳೆತವನ್ನೂ, ನಮ್ಮದು 640 ನ್ಯೂಟನ್ ಎಳೆತವನ್ನೂ ಕೊಡುವುದು. ಐದರಲ್ಲಿ ಒಂದು ಪಾಲು ನಷ್ಟ. ಇದೆಂಥ ಅವಿವೇಕದ ಕೆಲಸವೆಂದು ನಾವು ಬೆಸುಗೆಯವನನ್ನು ಮನಸ್ಸಿನಲ್ಲಿಯೇ ಜರೆದೆವು.

ಆ ಭಾನುವಾರ ಸಾಸ್ವೆಹಳ್ಳಿಗೆ ಹೋದಾಗ ಅತ್ತೆಯವರ ಮುಂದೆ ಈ ಮಾತು ಬಂದಿತು. "ಅವರಿಗೆ ಬಲಗಾಲಿನ ಗಿಣ್ಣು ಆಡ್ತಿರಲಿಲ್ಲಪ್ಪ. ಗದ್ದೆ ಬದುವಿನ ಮೇಲೆ ಬಿದ್ದು ಮುರಕೊಂಡಿದ್ದರಲ್ಲ, ಆಮೇಲೆ ಪಾದ ಬಗ್ಗಲೇ ಇಲ್ಲ. ಕಾಲು ಎತ್ತಿ ಇಟ್ಟು ತುಳಿಯೋರು. ಅದಕ್ಕೇ ಅವರೇ ಮುಂದೆ ಕೂತು ಬೆಸುಗೆ ಹಾಕಿಸಿದ್ದು" ಎಂದರು.

ನಾವು ನಿರುತ್ತರರಾದೆವು. ಗಿಣ್ಣು ಬಗ್ಗದವನು ಹಿಮ್ಮಡಿಯನ್ನು ಫುಟ್‌ರೆಸ್ಟಿಗೆ ಊರಿ ಬೆರಳಿನಿಂದ ಬ್ರೇಕನ್ನು ಒತ್ತಲಾರ. ಪಾದವನ್ನು ಎತ್ತಿ, ಅಂಗಾಲಿನಿಂದ, ತೊಡೆಯ ಬಲದಿಂದ ತುಳಿಯಬೇಕು. ಅಂಥವನಿಗೆ ಪೆಡಲು ಎತ್ತರದಲ್ಲಿಯೂ ಹಿಂದೆಯೂ ಇರಬೇಕು. ತೋಳು ಕಿರಿದಾದ್ದರಿಂದ ಆದ ಐದನೆಯ ಒಂದು ಪಾಲಿನ ನಷ್ಟವನ್ನು ತೊಡೆಯ ಬಲ ಸುಲಭವಾಗಿ ತುಂಬಿಕೊಡುವುದು. ಆ ಪೆಡಲು ತಪ್ಪಾಗಿರಲಿಲ್ಲ. ಒಬ್ಬ ಮನುಷ್ಯನ ಕಾಲಿಗೆ ಅಳೆದು ಮಾಡಿದ್ದಾಗಿತ್ತು. ಆ ಕಾಲು ನಮ್ಮದಾಗಿರಲಿಲ್ಲ, ಅಷ್ಟೇ.

ಬಳಿಕ ಕಂಪನಿಯ ಪೆಡಲನ್ನು ಹುಡುಕಿ ಶಿವಮೊಗ್ಗೆಯ ಗುಜರಿಗೆ ಹೋದೆವು. ಅಲ್ಲಿ ಎರಡು ದೊರೆತವು. ಹಳೆಯ ಪೆಡಲೆಂದ ಕೂಡಲೆ ಕೊಂಡುಕೊಳ್ಳದೆ, ಹಿಂದೆ ರೈಲ್ವೆ ಕಾರ್ಯಾಗಾರಗಳಲ್ಲಿ ಬಳಕೆಯಲ್ಲಿದ್ದ ಒಂದು ಸರಳ ಪರೀಕ್ಷೆಯನ್ನು ಮಾಡಿದೆವು. ಭಾಗವನ್ನು ಚೆನ್ನಾಗಿ ತೊಳೆದು ಒಣಗಿಸಿ, ಸೀಮೆಎಣ್ಣೆಯಂಥ ತೆಳುವಾದ ಎಣ್ಣೆಯಲ್ಲಿ ನೆನೆಯಿಸಿ, ಹೊರಗೆ ತೆಗೆದು ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಬಳಿಯಬೇಕು. ಬಿರುಕಿದ್ದರೆ ಅದರೊಳಗೆ ಸೇರಿದ ಎಣ್ಣೆ ನಿಧಾನವಾಗಿ ಹೊರಬಂದು ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆಯಾಗಿ ತೋರುವುದು. ಮೊದಲನೆಯ ಪೆಡಲಿನ ಬಾಗಿನಲ್ಲಿ ಅಂಥ ಗೆರೆಯೊಂದು ಕಾಣಿಸಿತು. ಅಪ್ಪಟ ಕಂಪನಿ ಸಾಮಾನು. ಆದರೆ ಒಂದು ದಿನ ಕಾಲಡಿಯಲ್ಲಿ ಮುರಿಯತಕ್ಕದ್ದು.

ಲೋಹವು ಒಂದೇ ಸಲದ ಬಲಕ್ಕೆ ಬಗ್ಗದಿದ್ದರೂ, ಸಾವಿರಾರು ಸಲದ ಚಿಕ್ಕ ಬಲಕ್ಕೆ ಬಿರುಕು ಬಿಡುವುದು. ಇದನ್ನು ಲೋಹದ ದಣಿವು ಎನ್ನುವರು. 1842ರ ಮೇ ತಿಂಗಳಿನಲ್ಲಿ ಫ್ರಾನ್ಸಿನ ವರ್ಸೇಲ್ಸಿನಿಂದ ಪ್ಯಾರಿಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಮುಂದೆ ಜರ್ಮನಿಯ ಆಗಸ್ಟ್ ವೋಲರನು ರೈಲಿನ ಅಚ್ಚುಗಳನ್ನು ಮತ್ತೆ ಮತ್ತೆ ಬಾಗಿಸುವ ಪರೀಕ್ಷೆಗಳನ್ನು ನಡೆಸಿ ಈ ದಣಿವಿನ ನಿಯಮಗಳಿಗೆ ಅಸ್ತಿಭಾರ ಹಾಕಿದನು. ಚೂಪಾದ ಮೂಲೆ, ಗೀರು, ಒರಟು ಬೆಸುಗೆಯ ಅಂಚು, ಇವೇ ಬಿರುಕಿನ ತವರು. ಪೆಡಲು ಎಷ್ಟೇ ಚಿಕ್ಕದಾದರೂ ಈ ನಿಯಮಕ್ಕೆ ಹೊರತಲ್ಲ.

ಎರಡನೆಯ ಪೆಡಲು ಪರೀಕ್ಷೆಯಲ್ಲಿ ತೇರ್ಗಡೆಯಾಯಿತು. ಜೋಡಿಸುವಾಗ ಅನುಸರಿಸಿದ ಕ್ರಮವನ್ನೂ ಹೇಳಿಬಿಡುವೆವು. ಮೊದಲು ಫುಟ್‌ರೆಸ್ಟು ಬಗ್ಗಿದೆಯೇ ಎಂದು ನೋಡಬೇಕು. ಏಕೆಂದರೆ ಪಾದದ ಅಳತೆಗಳೆಲ್ಲ ಅಲ್ಲಿಂದ ಹೊರಡುವುವು. ಅನಂತರ ಪೆಡಲಿನ ಎತ್ತರ. ಪಾದವು ಫುಟ್‌ರೆಸ್ಟಿನ ಮೇಲೆ ವಿಶ್ರಾಂತಿಯಲ್ಲಿರುವಾಗ ಬೆರಳುಗಳು ಪೆಡಲಿಗೆ ತಗಲಬಾರದು, ಆದರೆ ಹಿಮ್ಮಡಿಯನ್ನು ಎತ್ತದೆಯೇ ಎಟುಕಬೇಕು. ಆಮೇಲೆ ಬ್ರೇಕು ಹಿಡಿಯುವ ಮುನ್ನ ಪೆಡಲು ಸುಮ್ಮನೆ ಚಲಿಸುವ ದೂರ. ಅನೇಕ ಗಾಡಿಗಳ ಕೈಪಿಡಿಗಳಲ್ಲಿ ಇದು ಎರಡರಿಂದ ಮೂರು ಸೆಂಟಿಮೀಟರ್. ಪೆಡಲನ್ನು ಬಿಟ್ಟಾಗ ಸ್ಪ್ರಿಂಗು ಅದನ್ನು ಪೂರ್ತಿ ಹಿಂದಕ್ಕೆ ತರಬೇಕು. ಚಕ್ರವನ್ನು ಎತ್ತಿ ತಿರುಗಿಸಿದರೆ ತಡೆಯಿಲ್ಲದೆ ತಿರುಗಬೇಕು. ಕೊನೆಗೆ ಜನಸಂಚಾರವಿಲ್ಲದ ಕಡೆ ನಿಧಾನ ವೇಗದಲ್ಲಿ ಪರೀಕ್ಷೆ. ಇದಾದ ಮೇಲೆ ಅದೇ ದಾರಿಯಲ್ಲಿ ಅರ್ಧ ಗಂಟೆ ಓಡಿಸಿ ಡ್ರಮ್ಮಿನ ಮೇಲೆ ಕೈಯಿಟ್ಟರೆ ತಂಪಾಗಿತ್ತು.

ಈಗ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬಹುದು. ಹಳೆಯ ಗಾಡಿಗಳ ವಿಷಯದಲ್ಲಿ ಎರಡು ಪಂಥಗಳಿವೆ. ಒಂದು ಪಂಥದವರು, "ಇಷ್ಟು ವರ್ಷ ಓಡಿದೆ, ಹೊಂದಿಕೊಂಡಿದೆ, ಇನ್ನೇನು ಬೇಕು?" ಎನ್ನುವರು. ಇನ್ನೊಂದು ಪಂಥದವರು, "ಕಂಪನಿ ಸಾಮಾನಲ್ಲದಿದ್ದರೆ ಕಿತ್ತೆಸೆಯಿರಿ" ಎನ್ನುವರು. ಎರಡೂ ಪಂಥಗಳು ಅಳತೆಯ ಶ್ರಮದಿಂದ ತಪ್ಪಿಸಿಕೊಳ್ಳುವ ಉಪಾಯಗಳೆಂದು ನಮ್ಮ ಮತ. ಪೇಟೆಯ ಹೆಸರಿಲ್ಲದ ಲಿವರುಗಳಲ್ಲಿ ಒಂದು ಸರಿಯಾಗಿತ್ತು, ಎರಡು ತಪ್ಪಾಗಿದ್ದವು. ಕಂಪನಿಯ ಎರಡು ಪೆಡಲುಗಳಲ್ಲಿ ಒಂದು ಸರಿಯಾಗಿತ್ತು, ಒಂದು ಬಿರುಕು ಬಿಟ್ಟಿತ್ತು. ಹಳ್ಳಿಯ ಬೆಸುಗೆಯ ಪೆಡಲು ಒಬ್ಬರಿಗೆ ರಕ್ಷೆಯಾಗಿತ್ತು, ಇನ್ನೊಬ್ಬರಿಗೆ ಅಪಾಯವಾಯಿತು. ವಸ್ತುವಿನ ಹುಟ್ಟು ಯಾವುದೆಂಬುದರಿಂದ ಅದರ ಯೋಗ್ಯತೆ ತೀರ್ಮಾನವಾಗುವುದಿಲ್ಲ. ಅದು ಶಾಫ್ಟಿನೊಡನೆ, ಬ್ರೇಕಿನೊಡನೆ, ಸವಾರನ ಕಾಲಿನೊಡನೆ ಎಂಥ ಸಂಬಂಧದಲ್ಲಿದೆ ಎಂಬುದರಿಂದ ತೀರ್ಮಾನವಾಗುವುದು.

ಕಾಲಿನ ಹತೋಟಿಗಳು ಯಂತ್ರಕ್ಕೂ ದೇಹದ ಅಭ್ಯಾಸಕ್ಕೂ ನಡುವಣ ಒಪ್ಪಂದವೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. ಬ್ರಿಟಿಷ್ ಸಂಪ್ರದಾಯದ ಬುಲೆಟ್ಟುಗಳಲ್ಲಿ ಬಹುಕಾಲ ಗೇರು ಬಲಗಡೆ, ಬ್ರೇಕು ಎಡಗಡೆ. ಅಮೆರಿಕ ದೇಶವು 1974ರ ಸೆಪ್ಟೆಂಬರಿನಿಂದ ತಯಾರಾಗುವ ಮೋಟಾರ್ ಸೈಕಲ್ಲುಗಳಲ್ಲಿ ಗೇರು ಎಡಗಡೆಗೇ ಇರಬೇಕೆಂದು ನಿಯಮ ಮಾಡಿತು. ಅಪಾಯದ ಕ್ಷಣದಲ್ಲಿ ಮನುಷ್ಯ ಯೋಚಿಸಿ ತುಳಿಯುವುದಿಲ್ಲ. ಕಾಲು ತಾನಾಗಿ ತುಳಿಯುವುದು. ಬುಲೆಟ್ಟಿನ ಸವಾರನೊಬ್ಬ ಯೆಜ್ಡಿಯನ್ನು ಹತ್ತಿದರೆ, ಬ್ರೇಕೆಂದು ಗೇರನ್ನು ತುಳಿಯುವ ಸಂಭವವುಂಟು. ಹೀಗಿರುವಾಗ ತಂದೆಯ ಅಥವಾ ಮಾವನ ಗಾಡಿಯನ್ನು ಹತ್ತುವ ಯುವಕನು ಮೊದಲು ಅದನ್ನು ಓದಿಕೊಳ್ಳಬೇಕು.

ಕಾನೂನೂ ಇಲ್ಲಿ ಒಂದು ಮಾತು ಹೇಳುವುದು. 1988ರ ಮೋಟಾರು ವಾಹನ ಕಾಯಿದೆಯಡಿ ರಚಿತವಾದ ನಿಯಮಗಳ ಪ್ರಕಾರ, ಮಾಲೀಕನು ತೀರಿಕೊಂಡರೆ ವಾಹನವನ್ನು ಪಡೆದವನು ಮೂವತ್ತು ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಮೂರು ತಿಂಗಳೊಳಗೆ ತನ್ನ ಹೆಸರಿಗೆ ವರ್ಗಾಯಿಸಿಕೊಳ್ಳಲು ಅರ್ಜಿ ಹಾಕಬೇಕು. ಕಾಗದದ ವರ್ಗಾವಣೆಗೆ ಅವಧಿಯುಂಟು. ಆದರೆ ಗಾಡಿಯ ದೇಹದಲ್ಲಿ ಅಡಗಿರುವ ಹಿಂದಿನವರ ದೇಹದ ಗುರುತುಗಳನ್ನು ವರ್ಗಾಯಿಸಿಕೊಳ್ಳಲು ಯಾವ ನಮೂನೆಯೂ ಇಲ್ಲ; ಅದನ್ನು ನಾವೇ ಮಾಡಿಕೊಳ್ಳಬೇಕು.

ಆದ್ದರಿಂದ ಮೂರು ಸಲಹೆಗಳು. ಬಿಡಿಭಾಗ ತಯಾರಿಸುವವರು ಅದರ ಮೇಲೆ ತಮ್ಮ ಹೆಸರು, ಅಳತೆ, ವರ್ಷಗಳನ್ನು ಅಚ್ಚೊತ್ತಲಿ. ತಾವು ಮಾಡಿದ್ದಕ್ಕೆ ಹೆಸರು ಹಾಕಲು ಅಂಜುವವರಿಂದ ಬ್ರೇಕಿನ ಭಾಗಗಳನ್ನು ಕೊಳ್ಳುವುದು ವಿವೇಕವಲ್ಲ. ಗಾಡಿಯ ಮಾಲೀಕರು ತಾವು ಮಾಡಿಸಿದ ಬದಲಾವಣೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ನಮ್ಮ ಮಾವನವರು ಒಂದು ಸಾಲು ಬರೆದಿಟ್ಟಿದ್ದರೆ ಸೇತುವೆಯ ಬಳಿಯ ಆ ಸಂಜೆ ನಮಗೆ ಒದಗುತ್ತಿರಲಿಲ್ಲ. ಮೂರನೆಯದು ನಮ್ಮಂಥ ಅಧ್ಯಾಪಕರಿಗೆ: ಸನ್ನೆಯ ಪಾಠಕ್ಕೆ ಮೀಟರ್ ಪಟ್ಟಿ ಮತ್ತು ತೂಕದ ಗುಂಡುಗಳ ಜೊತೆಗೆ ಒಂದು ಹಳೆಯ ಬ್ರೇಕ್ ಪೆಡಲನ್ನೂ ಪ್ರಯೋಗಶಾಲೆಯ ಮೇಜಿನ ಮೇಲಿಡೋಣ.

ನಾವು ಹಾಗೆ ಮಾಡಿದ್ದೇವೆ. ಮಾವನವರ ಪೆಡಲು ಈಗ ನಮ್ಮ ಪ್ರಯೋಗಶಾಲೆಯಲ್ಲಿದೆ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಅದನ್ನೂ ಕಂಪನಿಯ ನಮೂನೆಯ ಅಳತೆಗಳನ್ನೂ ಕೊಟ್ಟು, "ಇದು ಸರಿಯೋ, ತಪ್ಪೋ?" ಎಂದು ಕೇಳುವೆವು. ಬಹುಮಂದಿ 16ನ್ನು 20ರಿಂದ ಭಾಗಿಸಿ ತಪ್ಪೆಂದು ಬರೆಯುವರು. ಎಲ್ಲೋ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, "ಸಾರ್, ಇದನ್ನು ತುಳಿಯುತ್ತಿದ್ದವರು ಯಾರು?" ಎಂದು ಕೇಳುವಳು. ಆ ಪ್ರಶ್ನೆಗಾಗಿಯೇ ನಾವು ಕಾಯುತ್ತಿರುವೆವು.